ಬ್ಯಾಟರಿ ಸೋತ ಪ್ಲೇಯರ್: ಬದಲಿಸುವುದೋ, ಕೇಬಲ್ಲಿಗೆ ಕಟ್ಟುವುದೋ, ಬೇರೆಯದನ್ನು ತರುವುದೋ?

ಅಡಿಕೆ ಸುಲಿಯುವ ದಿನಗಳಲ್ಲಿ ಶಿರಸಿ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ರಾತ್ರಿ ಹನ್ನೊಂದಾದರೂ ದೀಪ ಆರುವುದಿಲ್ಲ. ನಡುವೆ ಹಸಿ ಅಡಿಕೆಯ ರಾಶಿ, ಸುತ್ತ ಏಳೆಂಟು ಮೆಟ್ಟುಗತ್ತಿ, ಗೋಡೆಯ ಗೂಡಿನಲ್ಲಿ ಅಪ್ಪಯ್ಯನ ಅಂಗೈಯಗಲದ ಎಂಪಿ3 ಪ್ಲೇಯರ್. ಅದರಲ್ಲಿ ನೆಬ್ಬೂರು ನಾರಾಯಣ ಭಾಗವತರ ಯಕ್ಷಗಾನ ಪದಗಳಿವೆ. ಯಾರೋ ಆಟದ ಬಯಲಿನಲ್ಲಿ ಕುಳಿತು ಮುದ್ರಿಸಿಕೊಂಡದ್ದು, ಕೈಯಿಂದ ಕೈಗೆ ದಾಟಿ ನಮ್ಮ ಮನೆ ಸೇರಿದ್ದು. ಹೊಸದಿರುವಾಗ ಒಮ್ಮೆ ಚಾರ್ಜ್ ಮಾಡಿದರೆ ಪ್ಲೇಯರ್ ಎಂಟು ತಾಸು ಹಾಡುತ್ತಿತ್ತು. ಅಂದರೆ ಚೌಕಿಪೂಜೆಯಿಂದ ಮಂಗಳದವರೆಗೆ ಒಂದು ಇಡೀ ಆಟ. ಕಳೆದ ಹಂಗಾಮಿನಲ್ಲಿ ಇಪ್ಪತ್ತೇ ನಿಮಿಷಕ್ಕೆ ನಿಲ್ಲತೊಡಗಿತು. ಭಾಗವತರು ಪದ ಎತ್ತಿ, ಮದ್ದಳೆ ಸೇರಿ, ಇನ್ನೇನು ಚಂಡೆ ಬೀಳಬೇಕು ಎನ್ನುವಷ್ಟರಲ್ಲಿ ಜಗಲಿ ಮೌನ. ಆಮೇಲೆ ಕೇಳಿಸುವುದು ಸಿಪ್ಪೆ ಸೀಳುವ ಸದ್ದು ಮಾತ್ರ.

ಕೆಲಸದ ಕಾರಣಕ್ಕೆ ನಾನಿರುವುದು ಕಾರವಾರದಲ್ಲಿ. ಅಲ್ಲಿ ನೆರೆಮನೆಯವರ ಬ್ಲೂಟೂತ್ ಸ್ಪೀಕರ್‌ಗೂ ಇದೇ ಕಾಯಿಲೆ. ಕುಮಟಾದ ಅತ್ತೆಯ ಯುಎಸ್‌ಬಿ ರೇಡಿಯೊ, ಬೆಂಗಳೂರಿನ ಭಾವ ನಮ್ಮಲ್ಲೇ ಬಿಟ್ಟುಹೋದ ಐಪಾಡ್, ಅವಕ್ಕೂ ಇದೇ. ಒಂದೊಂದಾಗಿ ನಾಲ್ಕನ್ನೂ ಬಿಚ್ಚಿ ನೋಡಿದೆ. ನಾಲ್ಕಕ್ಕೂ ನಾಲ್ಕು ಬೇರೆ ಬೇರೆ ದಾರಿ ಹಿಡಿಯಬೇಕಾಯಿತು. ಅಲ್ಲಿ ಕಲಿತದ್ದರ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ: ಧ್ವನಿ ಎಷ್ಟು ಚೆನ್ನಾಗಿದೆ, ಕಂಪನಿ ಯಾವುದು ಎಂದು ನೋಡುವುದಕ್ಕೆ ಮುಂಚೆ ಬ್ಯಾಟರಿ ಹೊರಗೆ ಬರುತ್ತದೆಯೇ, ಅಂಥದ್ದೇ ಇನ್ನೊಂದು ನಮ್ಮ ಪೇಟೆಯಲ್ಲಿ ಸಿಗುತ್ತದೆಯೇ ಎಂದು ನೋಡಬೇಕು. ಉಳಿದೆಲ್ಲ ಲೆಕ್ಕ ಇದರ ಹಿಂದೆ ಬರುತ್ತದೆ.

ಬ್ಯಾಟರಿಯ ಮೇಲೆ ತಪ್ಪು ಹೊರಿಸುವ ಮುನ್ನ

ಬ್ಯಾಟರಿ ತೆಗೆದರೆ ಒಳಗಿನ ಹಾಡುಗಳೆಲ್ಲ ಅಳಿಸಿಹೋಗುತ್ತವೆ ಎಂದು ಅಪ್ಪಯ್ಯ ಎರಡು ತಿಂಗಳು ಪ್ಲೇಯರ್ ಮುಟ್ಟಲು ಬಿಡಲಿಲ್ಲ. ಈ ಭಯ ಬಹಳ ಜನರಿಗಿದೆ. ಹಾಗೇನೂ ಆಗುವುದಿಲ್ಲ. ಮೆಮೊರಿ ಕಾರ್ಡ್ ಆಗಲಿ, ಪ್ಲೇಯರ್‌ನೊಳಗಿನ ಫ್ಲ್ಯಾಶ್ ಮೆಮೊರಿ ಆಗಲಿ, ವಿದ್ಯುತ್ ಇಲ್ಲದೆಯೂ ತನ್ನಲ್ಲಿರುವುದನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಡಿಯಾರ, ಹಾಡು ನಿಂತ ಜಾಗ ಇಂಥವು ಹೋದಾವು, ಅಷ್ಟೇ. ಹಾಗಿದ್ದರೂ ಬಿಚ್ಚುವ ಮೊದಲು ಕಂಪ್ಯೂಟರಿಗೆ ಜೋಡಿಸಿ ಎಲ್ಲವನ್ನೂ ನಕಲು ಮಾಡಿಕೊಳ್ಳಿ, ಎರಡು ಕಡೆ ಇಡಿ. ಬ್ಯಾಟರಿ ಸೋತ ಪ್ಲೇಯರ್ ಕೂಡ ಯುಎಸ್‌ಬಿ ಕೇಬಲ್‌ನಿಂದ ಬರುವ ವಿದ್ಯುತ್ತಿನಲ್ಲಿ ಸಾಮಾನ್ಯವಾಗಿ ಕಂಪ್ಯೂಟರಿಗೆ ಕಾಣಿಸಿಕೊಳ್ಳುತ್ತದೆ. ಅಂಗಡಿಯಲ್ಲಿ ಸಿಗುವ ಹಾಡು ಹೋದರೆ ಮತ್ತೆ ತರಬಹುದು. ಊರಿನ ತಾಳಮದ್ದಳೆ, ತೀರಿಕೊಂಡ ಅಜ್ಜಿ ಹೇಳಿದ ಹಾಡು, ಮದುವೆಯ ಮನೆಯ ಶೋಭಾನೆ ಹೋದರೆ ಹೋದಂತೆಯೇ.

ಇನ್ನು ರೋಗ ಗುರುತಿಸುವುದು. ಕೇಬಲ್ ಬದಲಿಸಿ, ಚಾರ್ಜರ್ ಬದಲಿಸಿ. ಚಾರ್ಜಿಂಗ್ ಪಿನ್ ಕೂರುವ ಬಾಯಿಯೊಳಗೆ ಬೆಳಕು ಬಿಟ್ಟು ನೋಡಿ. ಕಾರವಾರದಲ್ಲಿ ಸಮುದ್ರದ ಕಡೆಗೆ ಕಿಟಕಿ ತೆರೆದ ಮನೆಯಲ್ಲಿ ಉಪ್ಪುಗಾಳಿ ಯಾವ ಲೋಹವನ್ನೂ ಬಿಡುವುದಿಲ್ಲ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ ಊರು ಬೇರೆ. ಅತ್ತೆಯ ರೇಡಿಯೊದ ಹಿಂದಿನ ಮುಚ್ಚಳ ತೆಗೆದಾಗ ಬ್ಯಾಟರಿಗೆ ತಾಗುವ ಮೂರು ಸಣ್ಣ ಹಿತ್ತಾಳೆಯ ನಾಲಗೆಗಳ ಮೇಲೆ ಹಸಿರು ಕಿಲುಬು ಕಟ್ಟಿತ್ತು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ, ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿದ ಮೇಲೆ ರೇಡಿಯೊ ಹಾಡುವ ಹೊತ್ತು ಅರ್ಧ ತಾಸಿನಿಂದ ಮೂರು ತಾಸಿಗೆ ಏರಿತು. ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಮಳೆಗಾಲ ಪೂರ್ತಿ ಪೆಟ್ಟಿಗೆಯಲ್ಲಿದ್ದು ಈಗ ಅಲುಗಾಡದೆ ಬಿದ್ದಿರುವ ಪ್ಲೇಯರ್‌ನ ಕಥೆ ಬೇರೆ. ಬ್ಯಾಟರಿ ತೀರಾ ಇಳಿದುಹೋದರೆ ಅದರೊಳಗಿನ ರಕ್ಷಣಾ ಸರ್ಕ್ಯೂಟ್ ಸಂಪರ್ಕ ಕಡಿದುಬಿಡುತ್ತದೆ. ಒಳ್ಳೆಯ ಚಾರ್ಜರಿಗೆ ಹಾಕಿ ಒಂದೆರಡು ತಾಸು ಕಣ್ಣಿಗೆ ಕಾಣುವಲ್ಲಿ ಬಿಡಿ; ಎಷ್ಟೋ ಸಲ ಎದ್ದುಬರುತ್ತದೆ. ಬರದಿದ್ದರೆ ಬೇರೆ ಬ್ಯಾಟರಿಯಿಂದ ನೇರವಾಗಿ ವೈರ್ ತಾಗಿಸಿ ಎಬ್ಬಿಸುವ ಉಪಾಯಕ್ಕೆ ಹೋಗಬೇಡಿ.

ಇದೆಲ್ಲ ಆದ ಮೇಲೂ ಸಂಶಯವಿದ್ದರೆ ಪೂರ್ತಿ ಚಾರ್ಜ್ ಮಾಡಿ, ಪರದೆ ಆರಿಸಿ, ಯಾವಾಗಲೂ ಕೇಳುವಷ್ಟೇ ದೊಡ್ಡದಾಗಿ ಹಾಡಲು ಬಿಟ್ಟು ಗಡಿಯಾರ ನೋಡಿ. ಎಂಟು ತಾಸು ಹಾಡುತ್ತಿದ್ದದ್ದು ಐದಕ್ಕೆ ಇಳಿದಿದ್ದರೆ ಅದು ವಯಸ್ಸು, ಸಹಿಸಿಕೊಳ್ಳಬಹುದು. ಲಿಥಿಯಂ ಬ್ಯಾಟರಿ ಮುನ್ನೂರರಿಂದ ಐನೂರು ಸಲ ಪೂರ್ತಿ ತುಂಬಿ ಖಾಲಿಯಾದ ಮೇಲೆ ಮೂಲ ಶಕ್ತಿಯ ಸುಮಾರು 80 ಪ್ರತಿಶತಕ್ಕೆ ಇಳಿಯುವುದು ಸಹಜ. ದಿನವೂ ಖಾಲಿ ಮಾಡುವವರು ಒಂದೂವರೆ ವರ್ಷದೊಳಗೆ ಆ ಲೆಕ್ಕ ಮುಟ್ಟುತ್ತಾರೆ. ಒಂದು ತಾಸಿಗಿಂತ ಕಡಿಮೆಗೆ ಬಂದಿದ್ದರೆ, ಅಥವಾ ಅರ್ಧ ಚಾರ್ಜ್ ತೋರಿಸುತ್ತಿದ್ದಂತೆಯೇ ತಟ್ಟನೆ ಆರಿದರೆ, ಬ್ಯಾಟರಿಯ ಕಾಲ ಮುಗಿದಿದೆ.

ಉಬ್ಬಿದ್ದರೆ ಆಯ್ಕೆಯ ಮಾತೇ ಇಲ್ಲ

ಅಪ್ಪಯ್ಯನ ಪ್ಲೇಯರ್ ಕೊನೆಗೂ ಕೈಗೆ ಸಿಕ್ಕಿತು. ಮೇಜಿನ ಮೇಲೆ ಮಲಗಿಸಿದರೆ ಸಮ ಕೂರಲಿಲ್ಲ, ತಿರುಗಿತು. ಹಿಂದಿನ ಮುಚ್ಚಳದ ಒಂದು ಅಂಚು ಉಗುರು ತೂರುವಷ್ಟು ಮೇಲೆದ್ದಿತ್ತು, ಪರದೆಯ ನಡುವೆ ನೀರು ಹರಡಿದಂಥ ಕಪ್ಪು ಕಲೆ. ಒಳಗಿನ ಬ್ಯಾಟರಿ ಬೆಳ್ಳಿ ಬಣ್ಣದ ಚಪ್ಪಟೆ ಚೀಲ. ಅದೀಗ ಹೊರಗೆ ಮರೆತುಬಿಟ್ಟ ಹಾಲಿನ ಪ್ಯಾಕೆಟ್ಟಿನಂತೆ ಊದಿಕೊಂಡು ಪರದೆಯನ್ನು ಒಳಗಿನಿಂದ ಒತ್ತುತ್ತಿತ್ತು. ಹಾಲಿನಲ್ಲಿ ಆಗುವಂತೆಯೇ ಇಲ್ಲೂ ಅನಿಲ ತುಂಬುತ್ತದೆ. ಬ್ಯಾಟರಿಯೊಳಗಿನ ದ್ರಾವಣ ಒಡೆದು ಅನಿಲವಾಗುತ್ತದೆ, ಹೋಗಲು ದಾರಿಯಿಲ್ಲ.

ಇಂಥದ್ದನ್ನು ಮತ್ತೆ ಚಾರ್ಜಿಗೆ ಹಾಕಬೇಡಿ. ಒತ್ತಿ ಚಪ್ಪಟೆ ಮಾಡಬೇಡಿ, ಸೂಜಿ ಚುಚ್ಚಬೇಡಿ, ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಚೀಲ ಹರಿದರೆ ಬೆಂಕಿ ಹೊತ್ತಿಕೊಳ್ಳಬಹುದು. ನೇಲ್ ಪಾಲಿಶಿನಂಥ ಸಿಹಿ ವಾಸನೆ ಬಂದರೆ ಸೋರುತ್ತಿದೆ ಎಂದೇ ಅರ್ಥ. ಕೂಡಲೇ ಅಂಗಳಕ್ಕೆ ಒಯ್ಯಿರಿ. ಒಣ ಮರಳು ತುಂಬಿದ ಡಬ್ಬಿಯಲ್ಲಿಟ್ಟು, ಮನೆಯಿಂದ ದೂರ, ಮಳೆ ತಾಗದ ಕಡೆ ಇಡಿ, ರಿಪೇರಿಯವರ ಬಳಿಗೂ ಹಾಗೆಯೇ ಒಯ್ಯಿರಿ. ನಮ್ಮ ಕಡೆ ಬೇಡದ್ದೆಲ್ಲ ಹೋಗುವುದು ಬಚ್ಚಲ ಒಲೆಗೆ ಅಥವಾ ಗೊಬ್ಬರಗುಂಡಿಗೆ. ಬ್ಯಾಟರಿ ಎರಡಕ್ಕೂ ಹೋಗಕೂಡದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಬೇರೆ ಕಸದೊಂದಿಗೆ ಸೇರಿಸದೆ ಪ್ರತ್ಯೇಕವಾಗಿ ಕೊಡಬೇಕಾದದ್ದು ಬಳಕೆದಾರನ ಕೆಲಸ, ಅದನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವುದು ತಯಾರಕರ ಹೊಣೆ. ಎರಡೂ ತುದಿಗಳಿಗೆ ಟೇಪ್ ಸುತ್ತಿ ಕೊಡಿ.

ಉಬ್ಬಲು ಕಾರಣವೇನು ಎಂದು ಹುಡುಕಿದಾಗ ಉತ್ತರ ನಮ್ಮ ಅಡುಗೆಮನೆಯಲ್ಲೇ ಇತ್ತು. ಮಳೆಗಾಲದ ಥಂಡಿ ತಾಗದಿರಲಿ ಎಂದು ಆಯಿ ಪ್ಲೇಯರನ್ನು ಒಲೆಯ ಮೇಲಿನ ಅಟ್ಟದಲ್ಲಿ, ಹುಣಸೆಹಣ್ಣಿನ ಭರಣಿಯ ಪಕ್ಕ ಇಡುತ್ತಿದ್ದಳು. ಅದೂ ಪೂರ್ತಿ ಚಾರ್ಜ್ ಮಾಡಿ. ಲಿಥಿಯಂ ಬ್ಯಾಟರಿಗೆ ಇದಕ್ಕಿಂತ ಕೆಟ್ಟ ಜಾಗವಿಲ್ಲ. ಪೂರ್ತಿ ತುಂಬಿದ ಸ್ಥಿತಿ ಮತ್ತು ಬಿಸಿ, ಇವೆರಡೂ ಕೂಡಿದರೆ ಬಳಸದೆ ಇಟ್ಟರೂ ಬೇಗ ಮುದಿಯಾಗುತ್ತದೆ. ಅರ್ಧದಷ್ಟು ಚಾರ್ಜ್ ಉಳಿಸಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣ ಹಾಕಿ, ಮನೆಯ ತಂಪು ಮೂಲೆಯಲ್ಲಿಡಬೇಕು. ಫ್ರಿಜ್ ಬೇಡ, ಹೊರಗೆ ತೆಗೆದಾಗ ನಮ್ಮ ಹವೆಯಲ್ಲಿ ಮೈಯೆಲ್ಲ ನೀರು ಬಸಿಯುತ್ತದೆ.

ಕೇಬಲ್ಲಿಗೆ ಕಟ್ಟುವುದು

ಅಗ್ಗದ ದಾರಿ ಇದು. ಒಂದೇ ಜಾಗದಲ್ಲಿ ಕುಳಿತು ಕೇಳುವವರಿಗೆ ಸಾಕು. ಅತ್ತೆ ಬೆಳಿಗ್ಗೆ ದೇವರನಾಮ, ಆಮೇಲೆ ಕಾರವಾರ ಆಕಾಶವಾಣಿ ಕೇಳುವುದು ಅಡುಗೆಮನೆಯ ಕಟ್ಟೆಯ ಮೇಲೆ, ಸ್ವಿಚ್‌ಬೋರ್ಡಿನ ಕೆಳಗೆ. ಅವರ ರೇಡಿಯೊ ಬ್ಯಾಟರಿ ತೆಗೆದಿಟ್ಟರೂ ಕೇಬಲ್ ಮೇಲೆ ಹಾಡುತ್ತದೆ. ಆದ್ದರಿಂದ ಕಿಲುಬು ತೆಗೆದ ಮೇಲೂ ಅವರಿಗೆ ನಾನು ಹೊಸ ಬ್ಯಾಟರಿ ಕೊಡಿಸಲಿಲ್ಲ, ಒಳ್ಳೆಯ ಅಡಾಪ್ಟರ್ ಕೊಡಿಸಿದೆ. ಕೆಟ್ಟ ಅಡಾಪ್ಟರ್ ಹಾಕಿದರೆ ಹಾಡಿನ ಹಿಂದೆ ಗುಂಯ್ ಎನ್ನುವ ಸದ್ದು ಸೇರಿಕೊಳ್ಳುತ್ತದೆ.

ಬ್ಯಾಟರಿ ತೆಗೆಯಲು ಬಾರದ ಪ್ಲೇಯರಿಗೆ ಈ ದಾರಿಯನ್ನು ನಾನು ಒಪ್ಪುವುದಿಲ್ಲ. ಸೋತ ಬ್ಯಾಟರಿಯನ್ನು ಒಳಗಿಟ್ಟುಕೊಂಡು ದಿನವಿಡೀ ಚಾರ್ಜಿನಲ್ಲಿರಿಸಿದರೆ ಅದು ಸದಾ ಬೆಚ್ಚಗೇ ಇರುತ್ತದೆ, ಉಬ್ಬುವ ದಾರಿ ಅದೇ. ಕೆಲವು ಪ್ಲೇಯರ್‌ಗಳು ಬ್ಯಾಟರಿ ಸತ್ತರೆ ಕೇಬಲ್ ಇದ್ದರೂ ಎಚ್ಚರಗೊಳ್ಳುವುದೇ ಇಲ್ಲ.

ಕರೆಂಟ್ ಹೋದಾಗ ಪವರ್ ಬ್ಯಾಂಕ್ ಇದೆಯಲ್ಲ ಎನ್ನುವವರು ಒಂದು ಸಂಗತಿ ತಿಳಿದಿರಬೇಕು. ಬಹಳಷ್ಟು ಪವರ್ ಬ್ಯಾಂಕ್‌ಗಳು ತಮ್ಮಿಂದ ಹೋಗುವ ವಿದ್ಯುತ್ ತೀರಾ ಕಡಿಮೆಯಾದರೆ ಮೊಬೈಲ್ ತುಂಬಿತು ಎಂದು ತಿಳಿದು ತಾವೇ ಆರಿಬಿಡುತ್ತವೆ. ಸಣ್ಣ ಪ್ಲೇಯರ್ ಎಳೆಯುವುದೇ ಅಷ್ಟು ಕಡಿಮೆ. ಕೊಳ್ಳುವ ಮುನ್ನ ನಿಮ್ಮ ಪ್ಲೇಯರ್ ಜೋಡಿಸಿ ಹತ್ತು ನಿಮಿಷ ಹಾಡಿಸಿ ನೋಡಿ.

ಬ್ಯಾಟರಿ ಬದಲಿಸುವುದು

ಇಲ್ಲಿ ಮೂರು ಬಗೆ.

ಉಗುರಿನಿಂದ ಮುಚ್ಚಳ ತೆಗೆದರೆ ಬ್ಯಾಟರಿ ಕೈಗೆ ಬರುವುದು ಮೊದಲ ಬಗೆ. ಯುಎಸ್‌ಬಿ ರೇಡಿಯೊ, ಮೆಮೊರಿ ಕಾರ್ಡ್ ಹಾಕುವ ಸಣ್ಣ ಪ್ಲೇಯರ್‌ಗಳಲ್ಲಿ ಹೆಚ್ಚಾಗಿ ಇರುವುದು ನೋಕಿಯಾ ಮೊಬೈಲ್‌ಗಳಿಂದ ಮನೆಮಾತಾದ ಬಿಎಲ್-5ಸಿ ಗಾತ್ರದ್ದು. ಕಾರವಾರ, ಅಂಕೋಲಾ, ಶಿರಸಿ, ಯಾವ ಪೇಟೆಯ ಮೊಬೈಲ್ ಅಂಗಡಿಯಲ್ಲೂ ಕೇಳಬಹುದು. ಆದರೆ ಎಲ್ಲರಿಗೂ ಬೇಕಾದ ಗಾತ್ರವಾದ್ದರಿಂದ ನಕಲಿಯೂ ಅಷ್ಟೇ. ನೋಕಿಯಾದ ಬಿಎಲ್-5ಸಿ ಮೇಲೆ 1020 ಎಂಎಎಚ್ ಎಂದಿರುತ್ತಿತ್ತು; ಬ್ಯಾಟರಿ ಎಷ್ಟು ಹಿಡಿಯುತ್ತದೆ ಎಂಬುದರ ಅಳತೆ ಅದು. ಅದೇ ಗಾತ್ರದಲ್ಲಿ 2500 ಎಂದು ಅಚ್ಚಾಗಿದ್ದರೆ ಆ ಬ್ಯಾಟರಿಯನ್ನು ಮರಳಿ ಅಂಗಡಿಯವರ ಕೈಗೆ ಕೊಡಿ. ಅಷ್ಟು ಜಾಗದಲ್ಲಿ ಅಷ್ಟು ಶಕ್ತಿ ಕೂರುವುದಿಲ್ಲ. ಒಂದು ಸುಳ್ಳನ್ನು ಮೇಲೆಯೇ ಅಚ್ಚು ಹಾಕಿದವರು ಒಳಗಿನ ರಕ್ಷಣಾ ಸರ್ಕ್ಯೂಟನ್ನು ಸರಿಯಾಗಿ ಹಾಕಿರುತ್ತಾರೆ ಎಂದು ನಂಬುವುದು ಹೇಗೆ?

ಸ್ಪೀಕರ್‌ಗಳಲ್ಲಿ ಸಿಗುವ ದುಂಡನೆಯ 18650 ಸೆಲ್ಲಿಗೂ ಈ ಮಾತು ಅನ್ವಯಿಸುತ್ತದೆ. ಹೆಸರೇ ಅಳತೆ: 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ. ಒಳ್ಳೆಯ ಕಂಪನಿಯದ್ದು 3500 ಎಂಎಎಚ್ ಆಸುಪಾಸಿಗೆ ನಿಲ್ಲುತ್ತದೆ. 9900 ಎಂದು ಬರೆದ ಸೆಲ್ಲುಗಳನ್ನು ನಾನೇ ನೋಡಿದ್ದೇನೆ. ನೆರೆಮನೆಯವರ ಸ್ಪೀಕರಿನಲ್ಲಿದ್ದ ಸೆಲ್ಲಿಗೆ ಲೋಹದ ಪಟ್ಟಿ ಬೆಸೆದಿತ್ತು. ಬರಿಯ ಸೆಲ್ಲಿನ ಮೈಗೆ ಸೋಲ್ಡರ್ ಇಟ್ಟರೆ ಆ ಬಿಸಿಗೆ ಒಳಭಾಗ ಕೆಡುತ್ತದೆ, ಆದ್ದರಿಂದ ಪಟ್ಟಿ ಬೆಸೆದೇ ಬಂದ ಸೆಲ್ ತರಿಸಿ ಹಾಕಿಸಿದೆವು.

ಎರಡನೆಯ ಬಗೆ, ಅಪ್ಪಯ್ಯನ ಪ್ಲೇಯರಿನಲ್ಲಿದ್ದಂಥ ಚಪ್ಪಟೆ ಚೀಲ, ಎರಡು ವೈರ್ ಬೆಸೆದದ್ದು. ಇದರ ಮೇಲೆ ಆರು ಅಂಕಿಗಳಿರುತ್ತವೆ. ಅಪ್ಪಯ್ಯನದರಲ್ಲಿ ಇದ್ದದ್ದು 503040. ಓದುವುದು ಸುಲಭ: ದಪ್ಪ 5.0 ಮಿಲಿಮೀಟರ್, ಅಗಲ 30, ಉದ್ದ 40. ಅಗಲ, ಉದ್ದ ಕೂಡದಿದ್ದರೆ ಜಾಗದಲ್ಲಿ ಕೂರುವುದಿಲ್ಲ. ದಪ್ಪ ಸ್ವಲ್ಪ ಕಡಿಮೆಯಾದರೆ ಅಡ್ಡಿಯಿಲ್ಲ, ಹೆಚ್ಚು ಮಾತ್ರ ಆಗಬಾರದು. ಬಿಗಿಯಾಗಿ ತುರುಕಿದ ಚೀಲವೂ ಅಪಾಯವೇ. ಉಬ್ಬಿದ ಹಳೆಯದನ್ನು ಅಳೆದು ದಪ್ಪ ನಿರ್ಧರಿಸಬೇಡಿ, ಅಂಕಿಯನ್ನೇ ನಂಬಿ. ವೋಲ್ಟ್ 3.7 ಎಂದಿದ್ದರೆ ಹೊಸದೂ 3.7 ಇರಲಿ. ಹಳದಿ ಟೇಪಿನಡಿ ಪುಟ್ಟ ಹಸಿರು ಪಟ್ಟಿಯಂಥ ರಕ್ಷಣಾ ಸರ್ಕ್ಯೂಟ್ ಇರುವುದನ್ನೇ ಕೇಳಿ. ಹಳೆಯದಕ್ಕೆ ಮೂರು ವೈರ್ ಇದ್ದರೆ ಮೂರನೆಯದು ಸಾಮಾನ್ಯವಾಗಿ ಬಿಸಿ ಅಳೆಯುವುದಕ್ಕಿರುವಂಥದ್ದು, ಹೊಸದರಲ್ಲೂ ಅದು ಬೇಕು. ತುದಿಯಲ್ಲಿ ಪುಟ್ಟ ಬಿಳಿ ಕನೆಕ್ಟರ್ ಇದ್ದರೆ ಕೂತಿತೆಂದು ಸಂತೋಷಪಡುವ ಮುನ್ನ ಕೆಂಪು ವೈರ್ ಯಾವ ಬದಿಗಿದೆ ಎಂದು ಹಳೆಯದರ ಜೊತೆ ಹಿಡಿದು ನೋಡಿ. ಒಬ್ಬೊಬ್ಬ ತಯಾರಕ ಒಂದೊಂದು ಬದಿಗೆ ಹಾಕುತ್ತಾನೆ. ತಿರುವುಮುರುವಾದರೆ ಕ್ಷಣದಲ್ಲಿ ಪ್ಲೇಯರ್ ಸುಟ್ಟುಹೋಗುತ್ತದೆ.

ಹೊಸ ಬ್ಯಾಟರಿ ತರಿಸಿದ್ದು ಆನ್‌ಲೈನ್‌ನಲ್ಲಿ, ಬಂದದ್ದು ಹನ್ನೆರಡನೇ ದಿನಕ್ಕೆ. ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಸಾಗಿಸಲು ಕಟ್ಟುಪಾಡುಗಳಿರುವುದರಿಂದ ಹೆಚ್ಚಿನವರು ರಸ್ತೆಯ ಮೂಲಕವೇ ಕಳಿಸುತ್ತಾರೆ. ಬಂದ ಕೂಡಲೇ ಮಲ್ಟಿಮೀಟರ್ ಇಟ್ಟೆ: 3.8 ವೋಲ್ಟ್. ಪೂರ್ತಿ ತುಂಬಿದರೆ 4.2 ಇರುತ್ತದೆ, ಅಂಗಡಿಯಿಂದ ಬರುವಾಗ 3.7ರಿಂದ 3.9ರ ನಡುವೆ ಇದ್ದರೆ ಸರಿ. ಮೂರಕ್ಕಿಂತ ಕೆಳಗಿದ್ದರೆ ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಮಾಲು, ಮರಳಿಸಿ. ಬೆಸುಗೆ ಹಾಕಿಸಲು ಕೆಲಸ ಬಲ್ಲವರ ಬಳಿಗೇ ಹೋಗಿ. ನಮ್ಮದನ್ನು ಮಾಡಿದವರು ಮೊದಲು ಹಳೆಯ ಚೀಲದ ಒಂದು ವೈರ್ ಕತ್ತರಿಸಿ, ಅದರ ತುದಿಗೆ ಟೇಪ್ ಸುತ್ತಿ, ಆಮೇಲೆ ಇನ್ನೊಂದನ್ನು ಕತ್ತರಿಸಿದರು. ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ಕತ್ತರಿಯ ಲೋಹದಲ್ಲೇ ಶಾರ್ಟ್ ಆಗುತ್ತದೆ. ಅವರು ಕೆಲಸಕ್ಕೆ ಕೇಳಿದ್ದು 150 ರೂಪಾಯಿ.

ಬಿಚ್ಚಲೆಂದು ಮಾಡಿಯೇ ಇಲ್ಲದವು ಮೂರನೆಯ ಬಗೆ. ಭಾವನ ಐಪಾಡ್ ಆ ಸಾಲಿಗೆ ಸೇರುತ್ತದೆ. 2001ರಲ್ಲಿ ಹುಟ್ಟಿದ ಐಪಾಡ್‌ನ ಸಾಲು 2022ರ ಮೇ ತಿಂಗಳಲ್ಲಿ ಮುಗಿಯಿತು. ಒಳಗೆ ಹಾರ್ಡ್ ಡಿಸ್ಕ್ ಇರುವ ದೊಡ್ಡ ಐಪಾಡ್ ಆಗಿದ್ದರೆ ಪ್ಲಾಸ್ಟಿಕ್ ಪಟ್ಟಿಯಿಂದ ಅಂಚು ಬಿಡಿಸಿ, ರಿಬ್ಬನ್ ಕನೆಕ್ಟರ್ ಕಳಚಿ ಬ್ಯಾಟರಿ ಬದಲಿಸಬಹುದು. ತಾಳ್ಮೆಯಿದ್ದವರಿಗೆ ಒಂದು ಮಧ್ಯಾಹ್ನದ ಕೆಲಸ. ಪುಟ್ಟ ಮಾದರಿಯಾದ ಐಪಾಡ್ ನ್ಯಾನೋದಲ್ಲಿ ಬ್ಯಾಟರಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ; ಕೈ ಪಳಗಿದವರಿಗೂ ಕಷ್ಟ. 2005ರ ಸೆಪ್ಟೆಂಬರ್‌ನಿಂದ 2006ರ ಡಿಸೆಂಬರ್‌ವರೆಗೆ ಮಾರಾಟವಾದ ಮೊದಲ ತಲೆಮಾರಿನ ನ್ಯಾನೋಗಳ ಬ್ಯಾಟರಿ ಅತಿಯಾಗಿ ಬಿಸಿಯಾಗಬಹುದೆಂದು 2011ರಲ್ಲಿ ಆಪಲ್ ಕಂಪನಿಯೇ ಅವನ್ನು ಮರಳಿ ಪಡೆದು ಬದಲಿ ಕೊಟ್ಟಿತು. ಅಂಥದ್ದು ಇನ್ನೂ ಕಪಾಟಿನಲ್ಲಿದ್ದರೆ ಚಾರ್ಜ್ ಮಾಡುವ ಆಸೆ ಬಿಡಿ. ಭಾವನದು ನ್ಯಾನೋ, ಆದರೆ ಆಮೇಲಿನ ತಲೆಮಾರಿನದು. ಹಾಡುಗಳನ್ನು ಕಂಪ್ಯೂಟರಿಗೆ ತೆಗೆದುಕೊಂಡು ಅದನ್ನು ಅಲ್ಲಿಗೇ ಕೈಬಿಟ್ಟೆ.

ಹೊಸದೇ ತರುವುದಾದರೆ

ಇಲ್ಲಿ ನನ್ನ ಒಲವು ಬಹಳ ಸ್ಪಷ್ಟ. ಒಳಗೇ ಮುಚ್ಚಿಟ್ಟ ಬ್ಯಾಟರಿಯ ಚೆಂದದ ಪ್ಲೇಯರ್ ಬೇಡ. ಅದರ ಆಯುಷ್ಯವೆಂದರೆ ಬ್ಯಾಟರಿಯ ಆಯುಷ್ಯ.

ಪೆನ್ಸಿಲ್ ಸೆಲ್ ಹಾಕುವ ರೇಡಿಯೊ, ಪ್ಲೇಯರ್ ಇಂದಿಗೂ ಒಳ್ಳೆಯ ಆಯ್ಕೆ. 1979ರಲ್ಲಿ ಬಂದ ಸೋನಿಯ ಮೊದಲ ವಾಕ್‌ಮನ್ ಓಡಿದ್ದು ಎರಡು ಎಎ ಸೆಲ್ಲುಗಳ ಮೇಲೆ. ಆ ಅಳತೆ ಇಂದಿಗೂ ಹಾಗೆಯೇ ಇದೆ, ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಮತ್ತೆ ಮತ್ತೆ ಕೊಳ್ಳುವ ಬದಲು ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜ್ ಸೆಲ್ ಹಾಕಿ. ಅದರಲ್ಲೂ ಇಟ್ಟಲ್ಲೇ ಇಳಿದುಹೋಗದಂಥ ಬಗೆ ಇದೆ, 2005ರಲ್ಲಿ ಸಾನ್ಯೋ ಎನೆಲೂಪ್ ಹೆಸರಿನಲ್ಲಿ ತಂದದ್ದು. ಈಗ ಬೇರೆಯವರೂ ಮಾಡುತ್ತಾರೆ. ಸಾದಾ ಸೆಲ್ 1.5 ವೋಲ್ಟ್, ಇದು 1.2. ಆದ್ದರಿಂದ ಕೆಲವು ಸಾಧನಗಳು ತುಂಬಿದ ಸೆಲ್ಲಿಗೂ ಬ್ಯಾಟರಿ ಕಡಿಮೆ ಎಂದು ತೋರಿಸಬಹುದು, ಹಾಡಂತೂ ನಿಲ್ಲುವುದಿಲ್ಲ. ಜೋಡಿಯಲ್ಲಿ ಒಂದು ಹಳತು ಒಂದು ಹೊಸತು ಬೆರೆಸಬೇಡಿ. ಮಳೆಗಾಲಕ್ಕೆ ಮುಂಚೆ ಸೆಲ್ ತೆಗೆದಿಡಿ.

ಹಳೆಯ ಸ್ಮಾರ್ಟ್‌ಫೋನನ್ನೇ ಪ್ಲೇಯರ್ ಮಾಡಿಕೊಳ್ಳುವುದನ್ನು ಹಲವರು ಹೇಳುತ್ತಾರೆ. ಖರ್ಚಿಲ್ಲ ನಿಜ. ಆದರೆ ಅದರ ಬ್ಯಾಟರಿಯೂ ಇಷ್ಟೇ ಹಳೆಯದು, ಇಷ್ಟೇ ಮುಚ್ಚಿದ್ದು. ಒಂದು ಸೋತದ್ದನ್ನು ಬಿಟ್ಟು ಇನ್ನೊಂದು ಸೋಲುತ್ತಿರುವುದನ್ನು ಹಿಡಿದಂತೆ.

ನಾನು ಎಲ್ಲಕ್ಕಿಂತ ಮೇಲೆ ಇಡುವುದು ಮೆಮೊರಿ ಕಾರ್ಡ್ ಹಾಕಬಹುದಾದ ಕೀಪ್ಯಾಡ್ ಮೊಬೈಲ್. ಸಿಮ್ ಹಾಕದಿದ್ದರೂ ಹಾಡುತ್ತದೆ. ಬ್ಯಾಟರಿ ಉಗುರಿಗೆ ಬರುತ್ತದೆ, ಬದಲಿ ಪೇಟೆಯಲ್ಲಿ ಸಿಗುತ್ತದೆ, ಕರೆಂಟ್ ಹೋದ ರಾತ್ರಿ ಟಾರ್ಚ್ ಕೂಡ ಆಗುತ್ತದೆ. ಗುಂಡಿಗಳು ದೊಡ್ಡವು, ಅಡಿಕೆಯ ಚೊಗರು ಮೆತ್ತಿದ ಕೈಯಲ್ಲೂ ಒತ್ತಬಹುದು. ಟಚ್ ಪರದೆಗೆ ಆ ಕೈ ಆಗುವುದಿಲ್ಲ. 128 ಕೆಬಿಪಿಎಸ್ ಎಂಪಿ3ಯಲ್ಲಿ ಎಂಟು ತಾಸಿನ ಆಟ ಸುಮಾರು 460 ಎಂಬಿ ಆಗುತ್ತದೆ. 32 ಜಿಬಿ ಕಾರ್ಡಿನಲ್ಲಿ ಅಂಥ ಅರವತ್ತಕ್ಕೂ ಹೆಚ್ಚು ಆಟಗಳು ಹಿಡಿಸುತ್ತವೆ. ಕೊರತೆಯೂ ಇದೆ: ಇಯರ್‌ಫೋನಿನಲ್ಲಿ ಕೇಳಿದರೆ ಒಳ್ಳೆಯ ಪ್ಲೇಯರಿನಷ್ಟು ಸ್ವಚ್ಛ ಧ್ವನಿಯಲ್ಲ. ಕೆಲವು ಮಾದರಿಗಳಲ್ಲಿ ಎಫ್‌ಎಂ ಕೇಳಲು ಇಯರ್‌ಫೋನ್ ಚುಚ್ಚಲೇಬೇಕು, ಅದರ ವೈರೇ ಆಂಟೆನಾ. ಹಿಂದೂಸ್ತಾನಿ ಸಂಗೀತವನ್ನು ಸೂಕ್ಷ್ಮವಾಗಿ ಕೇಳುವವರಿಗೆ ಇದು ಸಾಲದು. ಅವರು ಹಳೆಯ ಒಳ್ಳೆಯ ಪ್ಲೇಯರಿಗೇ ಹೊಸ ಬ್ಯಾಟರಿ ಹಾಕಿಸಲಿ.

ನಮ್ಮ ಮನೆಯಲ್ಲಿ ಎರಡೂ ಆಯಿತು. ಅಪ್ಪಯ್ಯನ ಪ್ಲೇಯರಿಗೆ ಹೊಸ 503040 ಕೂತಿತು, ಪರದೆಯ ಕಲೆ ಮಾತ್ರ ಉಳಿಯಿತು. ಜಗಲಿಗೆಂದು ಒಂದು ಕೀಪ್ಯಾಡ್ ಮೊಬೈಲ್ ತಂದೆ, ಪದಗಳೆಲ್ಲ ಈಗ ಅದರ ಕಾರ್ಡಿನಲ್ಲೂ ಇವೆ. ದೇವಿಮನೆ ಘಟ್ಟ ಹತ್ತಿ ಮನೆಗೆ ಹೋದ ಶನಿವಾರ ರಾತ್ರಿ ಪ್ಲೇಯರ್ ಹಚ್ಚಿಟ್ಟೆವು. ಹನ್ನೊಂದಕ್ಕೆ ಸುಲಿಯುವವರು ಎದ್ದು ಹೋದರೂ ಅಪ್ಪಯ್ಯ ಆರಿಸಲು ಬಿಡಲಿಲ್ಲ, ಗೂಡಿನ ಕೆಳಗೇ ಚಾಪೆ ಹಾಸಿಕೊಂಡ. ಬೆಳಿಗ್ಗೆ ಕೇಳಿದರೆ, ಏಳು ತಾಸು ನಲವತ್ತು ನಿಮಿಷ ಎಂದ.

ಚಹಾ ಕುಡಿಯುತ್ತಾ, "ಇಂಥದ್ದೇ ಇನ್ನೊಂದು ಬ್ಯಾಟರಿ ಈಗಲೇ ತರಿಸಿಡು, ಮುಂದೆ ಸಿಗುತ್ತದೋ ಇಲ್ಲವೋ" ಎಂದು ಹೇಳಿದ. ಬೇಡ ಎಂದೆ. ಲಿಥಿಯಂ ಬ್ಯಾಟರಿ ಪೆಟ್ಟಿಗೆಯಲ್ಲಿ ಕುಳಿತೂ ವಯಸ್ಸಾಗುತ್ತದೆ, ಬೇಕಾದ ವರ್ಷ ಹೊಸದಾಗಿ ತಯಾರಾದದ್ದನ್ನೇ ತರಿಸೋಣ. ಅಪ್ಪಯ್ಯ ಪಂಚಾಂಗದ ಹಿಂದಿನ ಪುಟದಲ್ಲಿ 503040 ಎಂದು ದೊಡ್ಡದಾಗಿ ಬರೆದುಕೊಂಡ.